ಪಂಕಜಾಕ್ಷಿಯ ಮುಖದ ವಿಭೂತಿ

ಪಂಕಜಾಕ್ಷಿ,

ನಾನು ಕಡೂರಿನ ಬಸ್ಸಿಗೆ ಹೊರಟೆ ಕಣೇ. ನಿನ್ನೆ ನೀನು ಹಾಲಲ್ಲಿ ಕಲಸಿ ಮುಖಕ್ಕೆಲ್ಲಾ ಮೆತ್ಕೊಂಡು ಕೂತಿದ್ದು ಮುಲ್ತಾನಿ ಮಿಟ್ಟಿ ಅಲ್ಲ, ಅತ್ತೆಯ ವಿಭೂತಿ! ನಿನ್ನ ಗಂಡ ಸಂತೆಯಿಂದ ತಂದ ಪೊಟ್ಟಣಗಳನ್ನ ಅದಲುಬದಲು ಇಟ್ಟಿದಾನೆ. ದೇವರ ಗೂಡು ಒರೆಸುವಾಗ ನನಗೆ ಗೊತ್ತಾಯ್ತು.

ಮುಖಕ್ಕೆ ಮಣ್ಣು ಬಳಿಯೋದು ಕಂಡ್ರೆ ಸಿಟ್ಟಲ್ಲಿ ಕುಣಿದಾಡೋ ಅತ್ತೆ, ನಿನ್ನೆ ನಿನ್ನ ನೋಡಿ ಕರಗಿಹೋಗಿದಾರೆ. ಕಿರಿ ಸೊಸೆಗೆ ಎಂಥಾ ಭಕ್ತಿ ಅಂತ ಬೀದಿಯೆಲ್ಲಾ ಹೇಳ್ಕೊಂಡು ಬರೋಕೆ ಹೋಗಿದಾರೆ. ನೀನು ಬಾಯಿ ಬಿಡಬೇಡ.

ಅವರು ಬರೋದ್ರೊಳಗೆ ಉಳಿದ ವಿಭೂತಿನ ಗೂಡಲ್ಲಿಟ್ಟು, ನಿನ್ನ ಮಿಟ್ಟಿ ತಗೊಂಡ್ಬಿಡು. ನನಗೂ ಒಂದು ಚೂರು ಎತ್ತಿಡು ಮಾರಾಯ್ತಿ. ಸಂತೆ ದಿನದಿಂದ ವಿಭೂತಿ ಅಂತ ಅದನ್ನೇ ಬಳ್ಕೊಂಡು ಅತ್ತೆ ಹಣೆ ಮದುಮಗಳ ಹಣೆ ಹಂಗೆ ಹೊಳೀತಿದೆ.

ನಿನ್ನ ಓರಗಿತ್ತಿ,
ಮಲ್ಲಿಕಾಂಬ