ನಟ್ಟನಡುವಿನ ಕುರ್ಚಿ

೧೪ ಮಾರ್ಚ್, ಮಂಗಳವಾರ

ಇವಳೇ,

ನಾನು ಕ್ಷೇಮ. ನಿನ್ನ ಅಕ್ಕನ ಮಂಡಿನೋವು ಇಳಿದಿರಬೇಕು. ನೀನು ಹೋಗಿ ಹನ್ನೊಂದು ದಿನವಾದರೂ ಬರೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳಹೊರಟರೆ ಹಾಲು ಒಡೆದ ಸುದ್ದಿ ಹೇಳಿ ಇಟ್ಟುಬಿಡುತ್ತೇನೆ. ಅದಕ್ಕೇ ಕಾಗದ ಹಿಡಿದೆ.

ನನ್ನ ಬೀಳ್ಕೊಡುಗೆಯ ದಿನ, ಭಾಷಣ ಚೆನ್ನಾಗಿ ಕೇಳಿಸಲಿ ಎಂದು ನಾನೇ ನಿನ್ನನ್ನು ಸಭೆಯ ನಟ್ಟನಡುವೆ ಕೂರಿಸಿದ್ದೆ. ಮನೆಗೆ ಬರುವಾಗ ನೀನು, "ತುಟಿ ಅಲ್ಲಾಡಿದ್ದು ಕಾಣಿಸ್ತು ರೀ, ಮಾತೊಂದೂ ಕೇಳಿಸ್ಲಿಲ್ಲ. ಏನ್ ಹೇಳಿದ್ರಿ?" ಎಂದೆ. ಏನಿಲ್ಲ ಬಿಡು ಎಂದು ನಾನು ಮೈಕಿನವನನ್ನು ಬೈದೆ. ಪಾಪ, ತಪ್ಪು ಅವನದಲ್ಲ.

ಸಭೆಗೆ ಮುಂಚೆ ಸ್ಪೀಕರುಗಳೆರಡೂ ಸರಿಯಾಗಿಯೇ ಇದ್ದವು. ಮೂವತ್ತೊಂದು ವರ್ಷ ಸಿಗ್ನಲ್ ಪಾಠ ಮಾಡಿದವನು ಸುಮ್ಮನಿರಲಾದೀತೇ? ಎರಡರ ಧ್ವನಿಯ ಅಲೆಗಳೂ ಒಟ್ಟಿಗೆ ಏರಿಳಿಯುತ್ತವೆಯೇ ಎಂದು ನೋಡಲು ಅಲೆಗಳ ಕೋನವನ್ನು ಅಳೆಯಲು ಹೊರಟೆ. ಮೊದಲನೆಯದನ್ನು ಕಾಗದದಲ್ಲಿ ಲೆಕ್ಕ ಹಾಕಿದೆ: ಇನ್ನೂರ ಇಪ್ಪತ್ತೈದು ಡಿಗ್ರಿ. ಅಷ್ಟರಲ್ಲಿ ಪ್ರಿನ್ಸಿಪಾಲರ ಕಾರು ಬಂತು. ಅವಸರದಲ್ಲಿ ಎರಡನೆಯದಕ್ಕೆ ಕ್ಯಾಲ್ಕುಲೇಟರ್ ಒತ್ತಿದೆ. ಅದು ನಲವತ್ತೈದು ಎಂದಿತು. ಅಡ್ಡ ಅಳತೆಯೂ ಮೈನಸ್, ಲಂಬ ಅಳತೆಯೂ ಮೈನಸ್. ಕೋನಕ್ಕಾಗಿ ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಎರಡು ಮೈನಸ್ಸೂ ಮಾಯ. ಆಗ ನೂರ ಎಂಬತ್ತನ್ನು ನಾವೇ ಸೇರಿಸಬೇಕು, ಸೇರಿಸಿದ್ದರೆ ಎರಡೂ ಒಂದೇ ಕೋನ. ಇದೇ ತಪ್ಪಿಗೆ ಎಷ್ಟು ಮಕ್ಕಳ ಅಂಕ ಕತ್ತರಿಸಿದ್ದೇನೋ.

ಎರಡರ ಅಲೆಗಳೂ ಒಂದಕ್ಕೊಂದು ತದ್ವಿರುದ್ಧವಾಗಿವೆ ಎಂದು ತೀರ್ಮಾನಿಸಿ ಒಂದರ ತಂತಿಗಳನ್ನು ಅದಲುಬದಲು ಮಾಡಿಸಿದೆ. ಮೈಕಿನವನು, "ಸಾರ್, ಚೆನ್ನಾಗಿರೋದನ್ನ ಯಾಕೆ ಕೆಣಕ್ತೀರಾ?" ಎಂದ. ಅವನಿಗೆ ಐದು ನಿಮಿಷ ಪಾಠ ಮಾಡಿದೆ. ಆಮೇಲೆ ಒಂದು ಸ್ಪೀಕರು ಗಾಳಿಯನ್ನು ತಳ್ಳಿದಾಗ ಇನ್ನೊಂದು ಎಳೆಯಿತು. ಸರಿಯಾಗಿ ನಡುವೆ ಕೂತವರಿಗೆ ಎರಡೂ ಸೇರಿ ಸೊನ್ನೆ. ಅಕ್ಕಪಕ್ಕದವರು ಕೇಳಿ ಚಪ್ಪಾಳೆ ತಟ್ಟಿದರು, ನೀನು ಅವರನ್ನು ನೋಡಿ ತಟ್ಟಿದೆ.

ನಿನ್ನೆ ಮೈಕಿನವನ ಅಂಗಡಿಗೆ ಹೋಗಿ ಕ್ಷಮೆ ಕೇಳಿದೆ. ಅವನು ನಗುತ್ತಾ, ತಾನಂತೂ ಪಕ್ಕದಲ್ಲಿ ನಿಂತು ಎಲ್ಲ ಕೇಳಿಸಿಕೊಂಡೆ, ಮನೆಯಲ್ಲೂ ಹೇಳಿಬಿಡಿ ಎಂದ. ಅಂಗಡಿಯಲ್ಲಿ ನನ್ನ ಮುಖ ಕೆಂಪಾಯಿತು.

ಅಕ್ಕನಿಗೆ ನಮಸ್ಕಾರ, ಅವರ ಮೊಮ್ಮಗಳಿಗೆ ನನ್ನ ಆಶೀರ್ವಾದ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಇವರು

ವಿ.ಸೂ.: ಅಂದು ಹೇಳಿದ್ದು ಇಷ್ಟೇ. ನಾನು ಇಷ್ಟು ವರ್ಷ ಪಾಠ ಮಾಡಿದ್ದು ನಿನ್ನ ನೋಟ್ಸ್ ಇಟ್ಟುಕೊಂಡು. ನಾವಿಬ್ಬರೂ ಒಟ್ಟಿಗೆ ಓದುವಾಗ ಕ್ಲಾಸಿಗೇ ಮೊದಲ ಸ್ಥಾನ ಪಡೆಯುತ್ತಿದ್ದವಳು ನೀನು, ಕಾಲೇಜಿನವರು ಈ ಕೆಲಸಕ್ಕೆ ಮೊದಲು ಕರೆದದ್ದೂ ನಿನ್ನನ್ನೇ. ಮನೆ ಯಾರು ನೋಡುತ್ತಾರೆ ಎಂದು ಕೇಳಿ ನಿನ್ನನ್ನು ತಡೆದವನು ನಾನು. ಮುನ್ನೂರು ಜನರ ಎದುರು ಇದನ್ನು ಒಪ್ಪಿಕೊಳ್ಳಲು ಧೈರ್ಯ ಬಂತು. ದಾರಿಯಲ್ಲಿ ನೀನೊಬ್ಬಳು ಕೇಳಿದಾಗ ಬರಲಿಲ್ಲ.