ನಿನ್ನ ಮಗಳು ಕೇಳಿದ ಪ್ರಶ್ನೆ

ಅಕ್ಕಾ,

ನೀನು ತೀರಿಹೋದ ಮೇಲೂ ನಮ್ಮ ಮನೆಯವರ ಬಾಯಿ ನಾನೇ. ಯಾರಿಗೆ ಜ್ವರ ಬಂದರೂ ಡಾಕ್ಟರ ಎದುರಿನ ಕುರ್ಚಿಯಲ್ಲಿ ಕೂರುವವನು ನಾನು. ಅರ್ಧ ಡಾಕ್ಟರಿಕೆ ನನಗೇ ಬರುತ್ತದೆ. ಉಳಿದರ್ಧ ಡಾಕ್ಟರಿಗೆ ಬಂದರೆ ಸಾಕು.

ಇವತ್ತು ಪರೀಕ್ಷೆಯ ರಿಪೋರ್ಟ್ ಕೇಳಲು ನಿನ್ನ ಮಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಅವಳ ಎದೆಯಲ್ಲೂ ಗಂಟು. ದಾರಿಯಲ್ಲಿ, "ಬರೀ ಕೊಬ್ಬಿನ ಗಂಟು ಕಣೇ, ಚಿಂತೆ ಬೇಡ" ಅಂದೆ, ನಿನಗೆ ಹೇಳಿದ ಹಾಗೆಯೇ. ಒಳಗೆ ಹೋದವನೇ ಕುರ್ಚಿ ಎಳೆದು ಕೂತು, "ನಮ್ಮ ಒಪ್ಪಿಗೆ ಇದೆ, ತೆಗೆದುಬಿಡಿ" ಎಂದೆ. ಡಾಕ್ಟರಮ್ಮ ನನ್ನನ್ನೇ ನೋಡಿದರು.

"ಗಂಟು ನಿಮ್ಮದಾ ಯಜಮಾನ್ರೇ?"

ನಿನ್ನ ಮಗಳು ನಗು ತಡೆದುಕೊಂಡಳು. "ಮಾವ, ನೀನು ಸ್ವಲ್ಪ ಹೊರಗೆ ಕೂತಿರು. ಇದನ್ನ ನಾನೇ ಕೇಳ್ಕೋತೀನಿ."

ಕೂರುವ ಜಾಯಮಾನವೇ ನನ್ನದು? ಪರದೆಗೆ ಕಿವಿ ಕೊಟ್ಟು ನಿಂತೆ. ಡಾಕ್ಟರಮ್ಮ ಕಾಯಿಲೆಯ ಹೆಸರನ್ನು ಅವಳಿಗೇ ಹೇಳಿಬಿಟ್ಟರು. ಕುಸಿದುಬೀಳುತ್ತಾಳೆ ಅಂದುಕೊಂಡೆ. ಕುರ್ಚಿ ಮುಂದಕ್ಕೆ ಎಳೆದುಕೊಂಡ ಸದ್ದಾಯಿತು. ಆಮೇಲೆ, "ಆಪರೇಷನ್ ಆದ್ಮೇಲೆ ಮಗೂನ ಈ ಕೈಯಲ್ಲಿ ಎತ್ಕೋಬಹುದಾ?" ಎಂದು ಕೇಳಿದಳು. ಡಾಕ್ಟರಮ್ಮ ಬಿಡಿಸಿ ಬಿಡಿಸಿ ಹೇಳಿದರು. ಎಲ್ಲ ಕೇಳಿಸಿಕೊಂಡು, "ಆಯ್ತು, ಮಾಡಿ" ಅಂದಳು.

ಬರುವಾಗ ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿ ನಿದ್ದೆಹೋದಳು. ಅವಳ ತಲೆ ಜಾರದ ಹಾಗೆ ಅಲುಗಾಡದೆ ಕೂತು ನಾನು ಒಂದೇ ಯೋಚಿಸುತ್ತಿದ್ದೆ. ನಿನ್ನ ಗಂಟು ತೋರಿಸಲು ಹೋದ ಆವತ್ತು ನಾನು ಹೊರಗಿದ್ದು, ಕುರ್ಚಿಯಲ್ಲಿ ನೀನು ಕೂತಿದ್ದರೆ ಏನು ಕೇಳುತ್ತಿದ್ದೆ?

ಮನೆ ಬಂತು. ನಿನ್ನ ಬಾಯಾಗಿದ್ದವನಿಗೆ ಒಂದು ಪ್ರಶ್ನೆಯೂ ಹೊಳೆಯಲಿಲ್ಲ ಅಕ್ಕಾ.