ರಾಣಿಯ ಮಾತು ರಾಣಿಯೇ ಆಡಲಿ

ಅವರ್ಸಾ

ಮಾನ್ಯ ನೀತಾ ಅಕ್ಕೋರಿಗೆ, ನಾಟಕದ ಸೋಮು ನಾಯ್ಕನ ನಮಸ್ಕಾರಗಳು.

ಶಾಲೆಯ ವಾರ್ಷಿಕ ಗ್ಯಾದರಿಂಗ್ ನಾಟಕದಲ್ಲಿ ನನ್ನ ಮಗಳು ದೀಕ್ಷಾಳಿಗೆ ರಾಣಿಯ ಪಾತ್ರ ಕೊಟ್ಟಿರಿ, ಅವಳ ಗಾಲಿಕುರ್ಚಿಯನ್ನೇ ಸಿಂಹಾಸನ ಮಾಡಿದಿರಿ. ಭಲೇ ಎಂದೆ! ಆದರೆ ಅವಳ ಮಾತು ತಡವರಿಸುತ್ತದೆಂದು, ಪರದೆಯ ಹಿಂದೆ ನಿಂತು ಅವಳ ತರಗತಿಯ ಶ್ರೀರಕ್ಷಾ ಮೈಕಿನಲ್ಲಿ ಮಾತಾಡುವುದು, ಇವಳು ಬರೀ ತುಟಿ ಆಡಿಸುವುದು ಎಂದು ನಿನ್ನೆ ಹೇಳಿದಿರಂತೆ.

ಆಗಿನಿಂದ ಮನೆಯಲ್ಲೂ ಅವಳ ತುಟಿ ಮಾತ್ರ ಆಡುತ್ತಿದೆ, ದನಿಯಿಲ್ಲ. ಅವಳ ತಾಯಿ, ‘ಅನ್ನ ಬೇಕನೇ? ಒಂದ್ ಮಾತಾರೂ ಆಡೇ ಮಗಾ’ ಎಂದು ಅಂಗಲಾಚಿದರೆ, ‘ನೀನೇ ಹೇಳು’ ಎಂಬಂತೆ ನನ್ನತ್ತ ಕೈ ತೋರಿಸುತ್ತಾಳೆ. ಊರನ್ನೇ ನಡುಗಿಸುವ ದನಿ ನನ್ನದು; ‘ಅನ್ನ ಹಾಕು’ ಎಂದು ಅವಳ ಬದಲು ಮೆಲ್ಲಗೆ ನಾನೇ ಹೇಳಿದೆ.

ಅಕ್ಕೋರೇ, ಆ ಮೈಕು ಅವಳಿಗೇ ಕೊಡಿ. ಮಾತು ತಡವಾದರೆ ಜನ ಕಾಯಲಿ! ಗದ್ದಲ ಮಾಡುವವರನ್ನು ಸುಮ್ಮನಿರಿಸಲು ಮುಂದಿನ ಸಾಲಿನಲ್ಲಿ ನಾನಿದ್ದೇನೆ. ಆದರೆ ಇದನ್ನು ಅವಳಿಗೆ ನೀವೇ ಬಂದು ಹೇಳಬೇಕು. ನಾನು ಹೇಳಿದರೆ ಈಗ ಅವಳು ನಂಬುವುದಿಲ್ಲ.

ನಿಮ್ಮ ದಾರಿ ಕಾಯುತ್ತಿರುವ,
ಸೋಮು ನಾಯ್ಕ